ಇಪ್ಪತ್ನಾಲ್ಕು ಬಿಲ್ಲೆಗಳು ಮತ್ತು ಫೆಲಿಕ್ಸ್

ಇಂಜಿನ್ ಕೆಲಸ ಕಲಿಯಬೇಕೆಂದು ಊರಿನಿಂದ ಬರುವ ಹುಡುಗರು ಈಗಲೂ ನನ್ನನ್ನು ಹುಡುಕಿಕೊಂಡು ಅಲ್ ಕುಸೈಸ್‌ನ ನಮ್ಮ ಫ್ಲಾಟಿಗೆ ಬರುತ್ತಾರೆ. ಯಾವ ಟೂಲ್ ಸೆಟ್ ಕೊಳ್ಳಬೇಕು, ಯಾವ ಕೋರ್ಸ್ ಮಾಡಬೇಕು, ಯಾವ ಗ್ಯಾರೇಜಿಗೆ ಸೇರಿದರೆ ವೀಸಾ ಬೇಗ ಆಗುತ್ತದೆ ಎಂದು ಕೇಳುತ್ತಾರೆ. ಪಕ್ಕದಲ್ಲೇ ನಮಗಿಂತ ಚೆನ್ನಾಗಿ ಕೆಲಸ ಮಾಡುವವನು ನಿಂತಿದ್ದರೆ ಏನು ಮಾಡಬೇಕು ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ನನ್ನನ್ನು ಹದಿನಾಲ್ಕು ವರ್ಷ ಕಾಡಿದ್ದು ಅದೊಂದೇ ಪ್ರಶ್ನೆ. ಅದಕ್ಕೆ ಉತ್ತರ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಏನೇನು ಮಾಡಬಾರದು ಎಂಬುದನ್ನು ಮಾಡಿ ನೋಡಿದ್ದೇನೆ, ಅದನ್ನು ಬರೆಯುತ್ತೇನೆ.

ನನ್ನ ಹೆಸರು ನಂಜುಂಡಸ್ವಾಮಿ. ಮೈಸೂರಿನ ಬನ್ನಿಮಂಟಪದ ಹತ್ತಿರ ಲೇತ್ ಅಂಗಡಿಯೊಂದರಲ್ಲಿ ಕೆಲಸ ಕಲಿತೆ. ದುಬೈಗೆ ಬಂದ ಮೇಲೆ ಅಲ್ ಕೂಝ್‌ನ ಒಂದೇ ಗ್ಯಾರೇಜಿನಲ್ಲಿ ಇಪ್ಪತ್ತಾರು ವರ್ಷ ಇದ್ದೆ. ಹೋದ ವರ್ಷ ಬಿಟ್ಟೆ. ಈಗ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಗಳ ವೀಸಾದ ಮೇಲೆ ನಾನೂ ಹೆಂಡತಿ ಸುಶೀಲಳೂ ಇಲ್ಲೇ ಇದ್ದೇವೆ. ನಮ್ಮ ಗ್ಯಾರೇಜು ಸಾಮಾನ್ಯ ಕಾರುಗಳದ್ದಲ್ಲ. ಕಾರು ಚೆನ್ನಾಗಿಯೇ ಓಡುತ್ತಿರುತ್ತದೆ, ಆದರೂ ಮಾಲೀಕರಿಗೆ ಸಾಲುವುದಿಲ್ಲ, ಇನ್ನೂ ಜೋರಾಗಿ ಓಡಬೇಕು. ಅಂಥವರು ನಮ್ಮಲ್ಲಿಗೆ ಬರುತ್ತಿದ್ದರು. ನಾನು ಮಾಡುತ್ತಿದ್ದುದು ಕ್ಯಾಮ್‌ಶಾಫ್ಟ್ ಬದಲಿಸುವ ಕೆಲಸ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕ್ಯಾಮ್‌ಶಾಫ್ಟ್ ಎಂದರೆ ಇಂಜಿನ್ನಿನ ತಲೆಯೊಳಗೆ ಉದ್ದಕ್ಕೆ ಮಲಗಿರುವ ಉಕ್ಕಿನ ಕೋಲು. ಅದರ ಮೈಮೇಲೆ ಕೋಳಿಮೊಟ್ಟೆಯ ಆಕಾರದ ಉಬ್ಬುಗಳಿರುತ್ತವೆ. ಕೋಲು ತಿರುಗಿದಾಗ ಉಬ್ಬು ಬಂದು ವಾಲ್ವನ್ನು ಒತ್ತಿ ತೆರೆಯುತ್ತದೆ, ಉಬ್ಬು ದಾಟಿದ ಮೇಲೆ ಸ್ಪ್ರಿಂಗು ಮುಚ್ಚುತ್ತದೆ. ಇಂಜಿನ್ ಉಸಿರಾಡುವುದೇ ಹೀಗೆ. ಇನ್ನೂ ದೊಡ್ಡ ಉಬ್ಬಿನ ಕೋಲು ಹಾಕಿದರೆ ವಾಲ್ವು ಹೆಚ್ಚು ತೆರೆಯುತ್ತದೆ, ಹೆಚ್ಚು ಹೊತ್ತು ತೆರೆದಿರುತ್ತದೆ, ವೇಗದಲ್ಲಿ ಇಂಜಿನ್ನಿಗೆ ಕಸುವು ಬರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಕಾರು ಜ್ವರ ಬಂದಂತೆ ನಡುಗುತ್ತದೆ. ಆ ನಡುಕಕ್ಕೇ ಹಣ ಕೊಡುವವರೂ ಇದ್ದಾರೆ.

ಉಬ್ಬಿಗೂ ವಾಲ್ವಿಗೂ ನಡುವೆ ಅಂಗಿಯ ಗುಂಡಿಯಷ್ಟು ದೊಡ್ಡ ಉಕ್ಕಿನ ಬಿಲ್ಲೆ ಇರುತ್ತದೆ. ಶಿಮ್ ಎನ್ನುತ್ತಾರೆ. ಎಲ್ಲ ಇಂಜಿನ್ನಿಗೂ ಇರುವುದಿಲ್ಲ, ನಾನು ಹೆಚ್ಚು ಕಟ್ಟಿದ ಜಪಾನಿ ಆರು ಸಿಲಿಂಡರ್ ಇಂಜಿನ್ನುಗಳಿಗೆ ಇತ್ತು. ಆ ಬಿಲ್ಲೆಯ ದಪ್ಪ ಎಷ್ಟು ಎಂಬುದರ ಮೇಲೆ ಎಲ್ಲ ನಿಂತಿದೆ. ದಪ್ಪ ಹೆಚ್ಚಾದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಸ್ವಲ್ಪ ದಿನದಲ್ಲೇ ಸುಟ್ಟುಹೋಗುತ್ತದೆ. ಕಡಿಮೆಯಾದರೆ ಟಕಟಕ ಹೊಡೆದುಕೊಳ್ಳುತ್ತದೆ. ಒಂದು ಇಂಜಿನ್ನಿಗೆ ಇಪ್ಪತ್ನಾಲ್ಕು ವಾಲ್ವು, ಇಪ್ಪತ್ನಾಲ್ಕು ಬಿಲ್ಲೆ. ಕ್ಯಾಮ್ ಬದಲಿಸಿದರೆ ಎಲ್ಲವನ್ನೂ ಹೊಸದಾಗಿ ಅಳೆದು ಕೂರಿಸಬೇಕು. ಯಾವ ಬಿಲ್ಲೆ ಯಾವ ವಾಲ್ವಿನದೋ ಅಲ್ಲಿಗೇ ಹೋಗಬೇಕು.

ಗ್ಯಾರೇಜಿಗೆ ಸೇರಿದ ಮೊದಲ ವರ್ಷವೇ ನಾನೊಂದು ಎಡವಟ್ಟು ಮಾಡಿದ್ದೆ. ಕ್ಯಾಮ್ ಅನ್ನು ಹಿಡಿದಿಡುವ ಕ್ಯಾಪುಗಳಿಗೆ ಒಂದೊಂದಕ್ಕೂ ನಂಬರ್ ಇರುತ್ತದೆ, ಅದರದರ ಜಾಗಕ್ಕೇ ಹಾಕಬೇಕು. ಎಲ್ಲವೂ ಒಂದೇ ಥರ ಕಾಣುತ್ತಿದ್ದವು, ನಾನು ಕೈಗೆ ಸಿಕ್ಕಿದ ಹಾಗೆ ಹಾಕಿ ಬಿಗಿದೆ. ಮ್ಯಾನೇಜರ್ ನಬೀಲ್ ಬಂದ. ಜೋರ್ಡಾನಿನವನು, ನಾವೆಲ್ಲ ಅವನನ್ನು ಮುದೀರ್ ಎನ್ನುತ್ತಿದ್ದೆವು, ಅರಬ್ಬಿಯಲ್ಲಿ ಮ್ಯಾನೇಜರ್ ಎಂದೇ ಅರ್ಥ. ಅವನು ಬೈಯಲಿಲ್ಲ. ಉದ್ದ ಸ್ಪ್ಯಾನರನ್ನು ಕೈಗೆ ಕೊಟ್ಟು, ಇಂಜಿನ್ನನ್ನು ತಿರುಗಿಸು ಎಂದ. ಕಾಲು ಸುತ್ತು ತಿರುಗಿ ಕಚ್ಚಿಕೊಂಡಿತು. ಹಾಗೇ ಸ್ಟಾರ್ಟ್ ಮಾಡಿದ್ದರೆ ಕ್ಯಾಮ್ ತುಂಡಾಗುತ್ತಿತ್ತು.

ಆ ದಿನದಿಂದ ನಬೀಲ್ ಒಂದು ಪದ್ಧತಿ ಹಾಕಿದ. ಒಬ್ಬ ಕಟ್ಟಿದ ಇಂಜಿನ್ನನ್ನು ಸ್ಟಾರ್ಟ್ ಮಾಡುವ ಮೊದಲು ಇನ್ನೊಬ್ಬ ಬಂದು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಕ್ರ್ಯಾಂಕು, ಅಂದರೆ ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ಕೋಲು, ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬರುತ್ತದೆ, ಆಗ ಎಲ್ಲ ವಾಲ್ವೂ ಒಂದು ಸಲ ತೆರೆದು ಮುಚ್ಚಿದ ಹಾಗಾಯಿತು. ಅನುಮಾನ ಬಂದರೆ ಅವನು ಮುಚ್ಚಳ ತೆಗೆಸಿ ಅಳೆಯಬಹುದು. ಸರಿ ಇದ್ದರೆ ಇಂಜಿನ್ ಮುಚ್ಚಳದ ಮೂಲೆಯಲ್ಲಿ ಹಳದಿ ಪೇಂಟಿನ ಚುಕ್ಕೆ ಇಡಬೇಕು. ಚುಕ್ಕೆ ಇಲ್ಲದೆ ಯಾರೂ ಕೀ ತಿರುಗಿಸುವ ಹಾಗಿರಲಿಲ್ಲ.

ಹನ್ನೆರಡು ವರ್ಷ ಕ್ಯಾಮ್ ಕೆಲಸಕ್ಕೆ ನಾನೇ ರಾಜ. ಬೇರೆ ಗ್ಯಾರೇಜಿನವರು ಕೂಡ ಕೈಗೂಡದ್ದನ್ನು ನನ್ನ ಹತ್ತಿರ ತರುತ್ತಿದ್ದರು. ಹೀಗಿರುವಾಗ ಫೆಲಿಕ್ಸ್ ಬಂದ.

ಕಾರ್ಕಳದ ಕಡೆಯ ಕೊಂಕಣಿ ಕ್ರಿಶ್ಚಿಯನ್. ನನಗಿಂತ ಆರು ವರ್ಷ ಚಿಕ್ಕವನು. ಮೊದಲ ದಿನವೇ ಬಂದು ನಂಜುಂಡಣ್ಣ ಎಂದು ಕೈ ಕುಲುಕಿದ. ಕನ್ನಡ ಮಾತಾಡುವವನೊಬ್ಬ ಸಿಕ್ಕಿದನಲ್ಲ ಎಂದು ನನಗೂ ಖುಷಿಯಾಯಿತು. ಆ ಖುಷಿ ಒಂದು ವಾರ ಇತ್ತು. ನಾನು ಬಿಲ್ಲೆಯನ್ನು ಮೂರು ಸಲ ಅಳೆಯುವವನು, ಅವನು ಒಂದೇ ಸಲ ಅಳೆಯುತ್ತಿದ್ದ. ನಾನು ಮೂರು ದಿನ ತೆಗೆದುಕೊಳ್ಳುವ ಕೆಲಸವನ್ನು ಒಂದೂವರೆ ದಿನದಲ್ಲಿ ಮುಗಿಸುತ್ತಿದ್ದ. ಕೆಲಸ ಮಾಡುತ್ತಾ ಜೋರಾಗಿ ಹಾಡುತ್ತಿದ್ದ, ಸುಮಾರಾಗಿ ಹಾಡುತ್ತಿದ್ದ, ಅದು ಅವನಿಗೆ ಗೊತ್ತಿರಲಿಲ್ಲ. ಓಡುತ್ತಿರುವ ಇಂಜಿನ್ನಿನ ಹತ್ತಿರ ಕಿವಿಯಿಟ್ಟು ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವು ಸಡಿಲ ಉಂಟು ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಸಡಿಲವಾಗಿಯೇ ಇರುತ್ತಿತ್ತು.

ಗಿರಾಕಿಗಳು ಬಂದವರೇ ಫೆಲಿಕ್ಸ್ ಎಲ್ಲಿ ಎಂದು ಕೇಳತೊಡಗಿದರು. ನಾನು ಅಲ್ಲೇ ನಿಂತಿರುತ್ತಿದ್ದೆ. ಒಬ್ಬೊಬ್ಬರೂ ಕಾರು ನಿಲ್ಲಿಸಿಕೊಂಡು ಕೆಲಸ ಮಾಡುವ ಅಂಕಣಕ್ಕೆ ನಾವು ಬೇ ಎನ್ನುತ್ತೇವೆ; ಆ ಬೇಯಲ್ಲಿದ್ದಾನೆ ಎಂದು ಕೈ ತೋರಿಸುವ ಕೆಲಸ ನನ್ನದಾಯಿತು. ಹೊಟ್ಟೆ ಉರಿಯುವುದು ಎಂದು ಸುಮ್ಮನೆ ಹೇಳುತ್ತಾರೆ ಎಂದುಕೊಂಡಿದ್ದೆ. ನಿಜವಾಗಿಯೂ ಉರಿಯುತ್ತದೆ. ಮಧ್ಯಾಹ್ನದ ಊಟದ ಮೇಲೆ ನಾನು ಆ ದಿನಗಳಲ್ಲಿ ಎಷ್ಟು ಆಂಟಾಸಿಡ್ ನುಂಗಿದ್ದೇನೋ ಲೆಕ್ಕವಿಲ್ಲ. ಮನೆಯಲ್ಲಿ ಸುಶೀಲಳ ಮುಂದೆ ಅವನ ದೂರು ಹೇಳುತ್ತಿದ್ದೆ: ಟೂಲ್ ಒರೆಸುವುದಿಲ್ಲ, ಗಲಾಟೆ ಮಾಡುತ್ತಾನೆ, ಗಿರಾಕಿಗಳ ಹೆಗಲ ಮೇಲೆ ಕೈ ಹಾಕುತ್ತಾನೆ. ಅವಳು ಒಂದು ದಿನ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡು, "ಕೆಲ್ಸ ಕೆಟ್ಟದಾಗಿ ಮಾಡ್ತಾರಾ?" ಎಂದಳು. ಇಲ್ಲ ಎಂದೆ. "ಹಂಗಾದ್ರೆ ನಿಮ್ಗೆ ಹೊಟ್ಟೆಕಿಚ್ಚು ಕಣ್ರೀ, ಇನ್ನೇನಿಲ್ಲ" ಎಂದು ಸೊಪ್ಪಿನ ಕಡೆ ತಿರುಗಿದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಫೆಲಿಕ್ಸ್ ತನ್ನ ಇಂಜಿನ್ನಿಗೆ ಚುಕ್ಕೆ ಇಡಲು ಯಾವಾಗಲೂ ನನ್ನನ್ನೇ ಕರೆಯುತ್ತಿದ್ದ. ನಾನು ಓಡಿ ಹೋಗುತ್ತಿದ್ದೆ. ತಪ್ಪು ಹುಡುಕುವುದಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶ ಯಾವುದಿತ್ತು? ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದೆ. ಅನುಮಾನ ಎಂದು ಸುಳ್ಳು ಹೇಳಿ ಮುಚ್ಚಳ ತೆಗೆಸಿ ಇಪ್ಪತ್ನಾಲ್ಕನ್ನೂ ಅಳೆಯುತ್ತಿದ್ದೆ. ಬೋಲ್ಟುಗಳ ಮೇಲೆ ಟಾರ್ಚು ಬಿಡುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಹಳದಿ ಚುಕ್ಕೆ ಇಟ್ಟು ಬರುತ್ತಿದ್ದೆ.

ಒಂದು ಸಲ ಮಾತ್ರ ಸಿಕ್ಕಿತು ಎಂದು ಎದೆ ಹಾರಿತು. ಎರಡನೇ ಸುತ್ತಿನಲ್ಲಿ ಒಂದು ಜಾಗದಲ್ಲಿ ಸ್ಪ್ಯಾನರು ತಡೆದು ನಿಂತಿತು. ನಾನು ಮತ್ತೊಮ್ಮೆ ನೋಡುವಷ್ಟೂ ತಾಳ್ಮೆ ಇಲ್ಲದೆ ನಬೀಲನನ್ನು ಕೂಗಿದೆ, ಪಕ್ಕದ ಬೇಯವರೆಲ್ಲ ಬರುವ ಹಾಗೆಯೇ ಕೂಗಿದೆ. ಇಲ್ಲಿ ಕಚ್ಚುತ್ತಿದೆ, ಟೈಮಿಂಗ್ ತಪ್ಪಿದೆ ಎಂದೆ. ನಬೀಲ್ ತಿರುಗಿಸಿದ, ಬೆಣ್ಣೆಯ ಹಾಗೆ ತಿರುಗಿತು. ನಾನು ತಿರುಗಿಸಿದೆ, ಕಚ್ಚಿತು. ಮತ್ತೆ ಅವನು, ಮತ್ತೆ ನಾನು. ಕೊನೆಗೆ ನಬೀಲ್ ಬಗ್ಗಿ ನೋಡಿ ನನ್ನ ಸೊಂಟವನ್ನು ತೋರಿಸಿದ. ಬೆಲ್ಟಿಗೆ ಸಿಕ್ಕಿಸಿದ್ದ ನನ್ನ ಬೀಗದ ಕೈ ಗೊಂಚಲು ಕಾರಿನ ಮುಂದಿನ ಪಟ್ಟಿಗೆ ಸಿಕ್ಕಿಕೊಂಡು, ನಾನು ಮೈ ಬಾಗಿಸಿದಾಗಲೆಲ್ಲ ನನ್ನನ್ನೇ ಹಿಡಿದು ನಿಲ್ಲಿಸುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ಫೆಲಿಕ್ಸ್. ಒಂದು ವಾರ ನನ್ನನ್ನು ಕಂಡಾಗಲೆಲ್ಲ ತನ್ನ ಕೀ ಗೊಂಚಲು ಅಲ್ಲಾಡಿಸುತ್ತಿದ್ದ.

ನನ್ನ ಇಂಜಿನ್ನುಗಳಿಗೆ ನಾನು ಅವನನ್ನು ಕರೆಯುತ್ತಿರಲಿಲ್ಲ. ಅವನ ಚುಕ್ಕೆ ನನ್ನ ಇಂಜಿನ್ನಿನ ಮೇಲೆ ಇರುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಪೇಂಟಿಂಗ್ ಬೇಯ ರಫೀಕನನ್ನು ಕರೆಯುತ್ತಿದ್ದೆ. ಒಳ್ಳೆಯ ಮನುಷ್ಯ. ಒಂದು ಕೈಯಲ್ಲಿ ಮೊಬೈಲ್ ಹಿಡಿದು ಊರಿಗೆ ಮಾತಾಡುತ್ತಾ ಇನ್ನೊಂದು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಚುಕ್ಕೆ ಇಟ್ಟು ಹೋಗುತ್ತಿದ್ದ. ಹುಡುಗರೇ, ನನ್ನ ದೊಡ್ಡ ತಪ್ಪು ಇದೇ ಎಂದು ಈಗ ಹೇಳಬಲ್ಲೆ. ಆಗ ಅದು ಜಾಣತನ ಅನ್ನಿಸಿತ್ತು.

ಈ ನಡುವೆ ಕೆಲಸದ ರೀತಿಯೇ ಬದಲಾಯಿತು. ಮೊದಲು ಕ್ರ್ಯಾಂಕಿಗೆ ಡಿಗ್ರಿ ಬರೆದ ತಟ್ಟೆ ಕಟ್ಟಿ, ಪಿಸ್ಟನ್ನಿನ ಮೇಲೆ ಮಕ್ಕಳು ಆಡುವ ಜೇಡಿಮಣ್ಣಿನ ತುಂಡಿಟ್ಟು ತಿರುಗಿಸಿ, ಮಣ್ಣು ಎಷ್ಟು ಚಪ್ಪಟೆಯಾಯಿತು ಎಂದು ನೋಡಿ ವಾಲ್ವಿಗೂ ಪಿಸ್ಟನ್ನಿಗೂ ಎಷ್ಟು ಜಾಗ ಉಳಿಯಿತು ಎಂದು ತಿಳಿಯುತ್ತಿದ್ದೆವು. ಆಮೇಲೆ ಕ್ಯಾಮ್ ಜೊತೆಗೇ ಅದನ್ನು ಲಾಕ್ ಮಾಡುವ ಪಟ್ಟಿ ಬರತೊಡಗಿತು. ಓಡುತ್ತಿರುವಾಗಲೇ ಕಂಪ್ಯೂಟರು ಕ್ಯಾಮ್ ಅನ್ನು ಹಿಂದೆ ಮುಂದೆ ಮಾಡುವ ಇಂಜಿನ್ನುಗಳು ಬಂದವು. ಇಂಜಿನ್ ಕಟ್ಟಿದರೆ ಸಾಲದು, ಲ್ಯಾಪ್‌ಟಾಪ್ ಸಿಕ್ಕಿಸಿ ಅದಕ್ಕೆ ಬುದ್ಧಿ ಹೇಳಬೇಕು. ಫೆಲಿಕ್ಸ್ ಶುಕ್ರವಾರ ಶುಕ್ರವಾರ ಶಾರ್ಜಾಕ್ಕೆ ಹೋಗಿ ಅದನ್ನೂ ಕಲಿತು ಬಂದ. ನಾನು ಕನ್ನಡಕದ ನೆಪ ಹೇಳಿ ಕಲಿಯಲಿಲ್ಲ. ನಿಜವಾದ ಕಾರಣ, ಅವನು ಮೊದಲು ಕಲಿತಿದ್ದ.

ಎರಡು ವರ್ಷದ ಹಿಂದೆ ನಬೀಲ್ ಗ್ಯಾರೇಜಿನ ಒಂದು ಮೂಲೆಯಲ್ಲಿ ಗಾಜಿನ ಕೋಣೆ ಕಟ್ಟಿಸಿದ. ಗಿರಾಕಿಗಳು ಸೋಫಾದಲ್ಲಿ ಕೂತು ಇಂಜಿನ್ ಕಟ್ಟುವುದನ್ನು ಗಾಜಿನಾಚೆಯಿಂದ ನೋಡಬೇಕು ಎಂಬುದು ಅವನ ಯೋಚನೆ. ಒಳಗೆ ಏಸಿ, ಬಿಳಿ ಬೆಂಚು, ಧೂಳಿಲ್ಲ. ಉಳಿದ ಗ್ಯಾರೇಜಿಗೆ ಇದ್ದದ್ದು ದೊಡ್ಡ ಫ್ಯಾನುಗಳು, ಬೇಸಿಗೆಯಲ್ಲಿ ಅವು ಬಿಸಿ ಗಾಳಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಿದ್ದವು ಅಷ್ಟೆ. ಕೋಣೆ ಒಬ್ಬನಿಗೇ. ನನಗಾ, ಫೆಲಿಕ್ಸ್‌ಗಾ ಎಂದು ನಬೀಲ್ ಹೇಳಲಿಲ್ಲ. ಟ್ರ್ಯಾಕ್ ಸೀಸನ್ ಶುರುವಾದ ಮೇಲೆ ನೋಡೋಣ ಎಂದ. ನನಗೆ ಆಗ ಐವತ್ತೊಂಬತ್ತು. ಆ ಕೋಣೆ ನನಗೆ ಎಷ್ಟು ಬೇಕಾಗಿತ್ತೆಂದರೆ, ದಿನಾ ಬೆಳಿಗ್ಗೆ ಅದರ ಮುಂದೆ ಹಾಯುವಾಗ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡು ಹೋಗುತ್ತಿದ್ದೆ.

ಅದೇ ಹೊತ್ತಿಗೆ ಅಬುಧಾಬಿಯಿಂದ ಸಾಲಿಂ ತನ್ನ ಆರು ಸಿಲಿಂಡರ್ ಕಾರು ತಂದ. ನಮ್ಮ ಹಳೆಯ ಗಿರಾಕಿ, ಸ್ಥಳೀಯ ಅರಬ, ನಮ್ಮ ಗ್ಯಾರೇಜಿನ ಮಾಲೀಕರಿಗೆ ಸ್ನೇಹಿತ. ಅವನ ಮಾತಿಗೆ ಗ್ಯಾರೇಜಿನಲ್ಲಿ ತೂಕ ಇತ್ತು. ದೊಡ್ಡ ಕ್ಯಾಮ್ ಹಾಕಬೇಕು, ಸೀಸನ್ನಿನ ಮೊದಲ ಟ್ರ್ಯಾಕ್ ದಿನಕ್ಕೆ ಕಾರು ಸಿದ್ಧವಾಗಬೇಕು, ಫೆಲಿಕ್ಸ್ ಮಾಡಲಿ ಎಂದ. ಫೆಲಿಕ್ಸ್‌ನ ಬೇಯಲ್ಲಿ ಬೇರೊಂದು ಇಂಜಿನ್ ಬಿಚ್ಚಿ ಹರಡಿತ್ತು. ನಬೀಲ್ ಅದನ್ನು ನನಗೆ ಕೊಟ್ಟ. ಕೋಣೆ ಯಾರದು ಎಂಬುದು ಈ ಇಂಜಿನ್ನಿನಲ್ಲಿ ತೀರ್ಮಾನವಾಗುತ್ತದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಫೆಲಿಕ್ಸ್‌ನಷ್ಟೇ ಬೇಗ ಮುಗಿಸಬೇಕು ಎಂದು ಹಟ ಹಿಡಿದೆ. ಶುಕ್ರವಾರ ಮಧ್ಯಾಹ್ನ ಹಳೆಯದನ್ನು ಬಿಚ್ಚಿ, ಶನಿವಾರ ಬೆಳಿಗ್ಗೆ ಹೊಸ ಕ್ಯಾಮ್ ಕೂರಿಸಿ ಉಬ್ಬಿಗೂ ಬಿಲ್ಲೆಗೂ ನಡುವಿನ ಸಂದುಗಳನ್ನೆಲ್ಲ ಅಳೆದು, ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿ, ಕ್ಯಾಮ್ ತೆಗೆದು, ಇಪ್ಪತ್ನಾಲ್ಕು ಬಿಲ್ಲೆಗಳನ್ನು ಮನೆಗಳಿರುವ ಟ್ರೇಯಲ್ಲಿ ಜೋಡಿಸಿದೆ. ಟ್ರೇಗೆ ನಾನು ಯಾವತ್ತೂ ಚೀಟಿ ಅಂಟಿಸಿದವನಲ್ಲ. ನನ್ನ ಎಡಗೈಗೆ ಒಂದನೇ ಸಿಲಿಂಡರ್, ಬಲಗೈಗೆ ಆರನೆಯದು. ಇಪ್ಪತ್ತೈದು ವರ್ಷದ ಅಭ್ಯಾಸ.

ಬೆಂಚಿನ ಹಿಂದೆ ನಿಂತರೆ ನನ್ನ ಎದುರಿಗೆ ಫೆಲಿಕ್ಸ್‌ನ ಬೇ. ಊಟ ಮುಗಿಸಿ ಬಂದಾಗ ಅಲ್ಲಿ ಜನ ಸೇರಿದ್ದರು. ಅವನು ಇಂಜಿನ್ ಓಡಿಸಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, ಹಾಡುತ್ತಾ ಏನೋ ತಿದ್ದುತ್ತಿದ್ದ. ನಾಲ್ಕಾರು ಗಿರಾಕಿಗಳು, ನಬೀಲ್ ಕೂಡ, ಸುತ್ತ ನಿಂತು ನೋಡುತ್ತಿದ್ದರು. ಆ ನೋಟ ನನಗೆ ಸಹಿಸಲಾಗಲಿಲ್ಲ. ಬೆಂಚನ್ನು ಸುತ್ತಿ ಬಂದು ಈಚೆ ಬದಿಯಲ್ಲಿ, ಅವರಿಗೆ ಬೆನ್ನು ಹಾಕಿ ನಿಂತೆ. ಟ್ರೇ ಇದ್ದಲ್ಲೇ ಇತ್ತು. ಎಡಗಡೆಯಿಂದ ಒಂದೊಂದೇ ಬಿಲ್ಲೆ ತೆಗೆದು ಒಂದನೇ ಸಿಲಿಂಡರಿನಿಂದ ಹಾಕುತ್ತಾ ಹೋದೆ. ನಾನು ನಿಂತ ಬದಿ ಬದಲಾಗಿತ್ತು, ಹಾಗಾಗಿ ಎಡಕ್ಕೆ ಇದ್ದದ್ದು ಆರನೆಯದು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹಿಂದಿನಿಂದ ನಗು ಕೇಳಿಸುತ್ತಿತ್ತು, ಕಿವಿಯೆಲ್ಲ ಅಲ್ಲೇ ಇತ್ತು.

ಬಿಲ್ಲೆ ಹಾಕಿ ಕ್ಯಾಮ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಮೂರು ಸಲ ಅಳೆಯುತ್ತಿದ್ದ ನಾನು ಆ ದಿನ ಒಮ್ಮೆಯೂ ಅಳೆಯಲಿಲ್ಲ. ಆರು ಗಂಟೆಯೊಳಗೆ ಮುಚ್ಚಳ ಹಾಕಿ ನಬೀಲನಿಗೆ ತೋರಿಸಬೇಕಿತ್ತು. ರಫೀಕ್ ಬಂದು ಎರಡು ಸುತ್ತು ತಿರುಗಿಸಿದ. ಬಿಲ್ಲೆ ತಪ್ಪಿದರೂ ಇಂಜಿನ್ ಕೈಗೆ ಸರಾಗವಾಗಿಯೇ ತಿರುಗುತ್ತದೆ. ಅವನು ಚುಕ್ಕೆ ಇಟ್ಟ. ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಎಂದು ನಬೀಲ್ ಹೇಳಿದ. ಒಂದೂವರೆ ದಿನದಲ್ಲಿ ಮುಗಿಸಿದೆಯಲ್ಲ ಎಂದು ಬೆನ್ನು ತಟ್ಟಿದ.

ಮರುದಿನ ಭಾನುವಾರ ಫೆಲಿಕ್ಸ್‌ನ ಮನೆಯಲ್ಲಿ ತೆನೆಹಬ್ಬದ ಊಟ. ಅವರಲ್ಲಿ ಅದಕ್ಕೆ ಮೊಂತಿ ಫೆಸ್ತ್ ಎನ್ನುತ್ತಾರೆ. ಆ ದಿನ ಬರೀ ತರಕಾರಿ ಅಡುಗೆ, ಹಾಗಾಗಿ ಪ್ರತಿವರ್ಷ ನಮ್ಮನ್ನು ತಪ್ಪದೆ ಕರೆಯುತ್ತಿದ್ದ. ಕರಾಮದ ಅವನ ಫ್ಲಾಟಿನಲ್ಲಿ ಹದಿನೈದು ಜನ ಸೇರಿದ್ದೆವು. ಇಗರ್ಜಿಯಿಂದ ತಂದ ಹೊಸ ಭತ್ತದ ಕಾಳನ್ನು ಮನೆಯ ಯಜಮಾನ ಎಲ್ಲರಿಗೂ ಹಂಚಿದ ಮೇಲೆಯೇ ಎಲೆಗೆ ಕೂರುವುದು. ಯಜಮಾನನೇ ಇಲ್ಲ. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಈಗ ಬರುತ್ತೇನೆ ಎಂದು ಹೋದವನು ಫೋನೂ ಎತ್ತುತ್ತಿಲ್ಲ ಎಂದು ಅವನ ಹೆಂಡತಿ ಮುಖ ಚಿಕ್ಕದು ಮಾಡಿಕೊಂಡು ಓಡಾಡುತ್ತಿದ್ದಳು. ಮಕ್ಕಳು ಹಸಿವು ಹಸಿವು ಎನ್ನುತ್ತಿದ್ದವು. ಮೂರು ಗಂಟೆಗೆ ಬಂದ. ಉಗುರೆಲ್ಲ ಕಪ್ಪು.

ನನಗೆ ಅಂಥ ಅವಕಾಶ ಸಿಕ್ಕಿದ್ದೇ ಅಪರೂಪ. ಹಬ್ಬದ ದಿನವೂ ಕೆಲಸ ಮುಗಿಸಲಾಗದೆ ಗ್ಯಾರೇಜಿಗೆ ಓಡಿದ್ದಾನೆ, ನಾನಾದರೆ ಶನಿವಾರವೇ ಮುಗಿಸಿ ಆರಾಮಾಗಿ ಬಂದಿದ್ದೇನೆ, ಕೈ ನಿಧಾನವಾದರೆ ಹೀಗೇ ಎಂದು ಅಷ್ಟೂ ಜನರ ಮುಂದೆ ನಗುತ್ತಾ ಹೇಳಿದೆ. ಕೆಲವರು ನಕ್ಕರು. ಫೆಲಿಕ್ಸ್ ನನ್ನನ್ನು ಸ್ವಲ್ಪ ಹೊತ್ತು ನೋಡಿ ಕೈ ತೊಳೆಯಲು ಹೋದ. ಮನೆಗೆ ಬರುವಾಗ ಮೆಟ್ರೋದಲ್ಲಿ ಸುಶೀಲ ನನ್ನ ಪಕ್ಕ ಕೂರಲಿಲ್ಲ.

ಸೋಮವಾರ ಕೀ ತಿರುಗಿಸಿದ ಕೂಡಲೇ ಇಂಜಿನ್ ಎದ್ದಿತು. ಒಂದು ಟಿಕ್ ಎನ್ನುವ ಸದ್ದಿಲ್ಲ. ಕಸುವು ಅಳೆಯುವ ಡೈನೋ ಯಂತ್ರದ ಮೇಲೆ ಓಡಿಸಿದಾಗ ನಬೀಲ್ ಎರಡು ಸಲ ಸ್ಕ್ರೀನ್ ನೋಡಿದ. ಟ್ರ್ಯಾಕ್ ದಿನ ಸಾಲಿಂ ತನ್ನ ಹಳೆಯ ಸಮಯವನ್ನೆಲ್ಲ ಮುರಿದು, ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಉಸ್ತಾದ್ ಎಂದು ನನ್ನನ್ನು ಕರೆದ. ಮುಂದಿನ ವಾರ ಗಾಜಿನ ಕೋಣೆ ನನ್ನದಾಯಿತು. ನನ್ನ ಜೀವನದ ಅತ್ಯುತ್ತಮ ಇಂಜಿನ್ ಅದು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಗಾಜಿನ ಈಚೆ ತಣ್ಣಗೆ ನಿಂತು, ಆಚೆ ಬೆವರು ಒರೆಸಿಕೊಳ್ಳುತ್ತಿದ್ದ ಫೆಲಿಕ್ಸ್‌ನನ್ನು ನೋಡುವುದು ನನಗೆ ಎಷ್ಟು ಹಿತವಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೂ ಹಿತವಾಗಿತ್ತು.

ಎಂಟು ತಿಂಗಳ ಮೇಲೆ, ಸೀಸನ್ ಮುಗಿದು ಸೆಕೆ ಏರುತ್ತಿದ್ದಾಗ, ಸಾಲಿಂನ ಕಾರು ವಾಲ್ವು ಪರೀಕ್ಷೆಗೆ ಬಂತು. ಎರಡು ಕಡೆ ಸಂದು ಸ್ವಲ್ಪ ಕಡಿಮೆಯಾಗಿತ್ತು. ಬಿಲ್ಲೆ ಬದಲಿಸಲು ಕ್ಯಾಮ್ ತೆಗೆದೆ. ಬಿಲ್ಲೆಯ ಒಂದು ಮುಖದ ಮೇಲೆ ಅದರ ದಪ್ಪದ ನಂಬರ್ ಕೊರೆದಿರುತ್ತದೆ. ನಂಬರ್ ಸವೆಯಬಾರದು ಎಂದು ಅದನ್ನು ಕೆಳಗೆ ಮಾಡಿ ಇಡಬೇಕೆಂದು ನನ್ನ ಗುರು ಹೇಳಿಕೊಟ್ಟಿದ್ದರು. ನಾನು ಒಂದು ಬಿಲ್ಲೆಯನ್ನೂ ಬೇರೆ ರೀತಿ ಇಟ್ಟವನಲ್ಲ. ಇಲ್ಲಿ ನಂಬರ್ ಮೇಲಕ್ಕಿತ್ತು. ಪಕ್ಕದ್ದು ತೆಗೆದೆ, ಅದೂ ಮೇಲಕ್ಕೆ. ಇಪ್ಪತ್ನಾಲ್ಕೂ ಮೇಲಕ್ಕೆ. ಮುಂದೆ ಬಿಚ್ಚುವವನಿಗೆ ಕಾಣಬೇಕು ಎಂದು ಹಾಗೆ ಇಡುವವನು ನಮ್ಮ ಗ್ಯಾರೇಜಿನಲ್ಲಿ ಒಬ್ಬನೇ. ನನ್ನ ಹಳೆಯ ನೋಟ್‌ಬುಕ್ ತೆಗೆದು, ಆ ಶನಿವಾರ ಬರೆದುಕೊಂಡ ಲೆಕ್ಕಕ್ಕೆ ಒಂದೊಂದನ್ನೂ ಹೋಲಿಸಿದೆ. ಎಲ್ಲವೂ ಅದರದರ ಜಾಗದಲ್ಲಿದ್ದವು. ಅಂದರೆ ನನ್ನ ಲೆಕ್ಕ ಸರಿ ಇತ್ತು, ನಾನು ಹಾಕಿದ್ದು ತಪ್ಪಿತ್ತು, ಯಾರೋ ಬಿಚ್ಚಿ ಸರಿಮಾಡಿದ್ದರು. ಆಗ ಆ ಟ್ರೇ, ನಾನು ಬೆನ್ನು ಹಾಕಿ ನಿಂತದ್ದು, ಭಾನುವಾರದ ಆ ಕಪ್ಪು ಉಗುರು, ಎಲ್ಲ ಒಂದರ ಮೇಲೊಂದು ತಲೆಗೆ ಬಂದವು. ಏಸಿಯಲ್ಲೂ ಬೆವರಿದೆ.

ಕೃತಜ್ಞತೆ ಬರಬೇಕಿತ್ತು. ಬಂದದ್ದು ಸಿಟ್ಟು. ನೇರ ಅವನ ಬೇಯತ್ತ ಹೋಗಿ, "ನನ್ ಇಂಜಿನ್ ಯಾಕೆ ಬಿಚ್ಚಿದೆ?" ಎಂದೆ.

ಅವನು ಬ್ರೇಕ್ ಡಿಸ್ಕ್ ಒರೆಸುತ್ತಿದ್ದವನು ತಲೆ ಎತ್ತಲಿಲ್ಲ. "ಈಗ ಗೊತ್ತಾಯ್ತಾ? ನಂಬರ್ ಮೇಲೆ ಮಾಡಿ ಇಟ್ಟದ್ದೇ ನಿಮಗೆ ಗೊತ್ತಾಗ್ಲಿ ಅಂತ. ಎಂಟು ತಿಂಗಳು ಕಾದೆ ಮಾರಾಯ್ರೆ."

"ಅವತ್ತೇ ಹೇಳ್ಬೋದಿತ್ತಲ್ಲ."

"ಮನೆಗೆ ಬಂದು ಹೇಳುವಾ ಅಂತಲೇ ಇದ್ದೆ. ನೀವು ಅಷ್ಟು ಜನರ ಎದುರು ಎಂತ ಹೇಳಿದ್ರಿ, ನೆನಪುಂಟಾ?"

ನೆನಪಿತ್ತು. ಆ ಶನಿವಾರ ಸಂಜೆ ನಾನು ಹೋದ ಮೇಲೆ, ಟೂಲ್ ಒಂದನ್ನು ತೆಗೆದುಕೊಳ್ಳಲು ಅವನು ನನ್ನ ಬೆಂಚಿಗೆ ಬಂದಿದ್ದನಂತೆ. ಖಾಲಿ ಟ್ರೇಯನ್ನು ನೋಡಿದ. ನಾನು ಬೆಳಿಗ್ಗೆ ಆಚೆ ಬದಿಯಿಂದ ಅದನ್ನು ತುಂಬಿದ್ದು, ಮಧ್ಯಾಹ್ನ ಈಚೆ ಬದಿಯಿಂದ ಖಾಲಿ ಮಾಡಿದ್ದು, ಎರಡೂ ಅವನ ಕಣ್ಣಿಗೆ ಬಿದ್ದಿತ್ತು. ನಾನು ಅವನನ್ನು ನೋಡಬಾರದೆಂದು ತಿರುಗಿ ನಿಂತಿದ್ದೆ, ಅವನಂತೂ ನನ್ನನ್ನು ನೋಡುತ್ತಲೇ ಇದ್ದ. ಇರಲಿಕ್ಕಿಲ್ಲ ಎಂದುಕೊಂಡು ಮನೆಗೆ ಹೋದ. ಬೆಳಿಗ್ಗೆ ಪೂಜೆಯ ನಡುವೆಯೂ ಅದೇ ತಲೆಯಲ್ಲಿ ಕೂತಿತ್ತಂತೆ. ನಮ್ಮಿಬ್ಬರ ಹತ್ತಿರವೂ ಗ್ಯಾರೇಜಿನ ಕೀ ಇತ್ತು. ಹೋಗಿ ಮುಚ್ಚಳ ತೆಗೆದು ಮೊದಲ ಸಂದು ಅಳೆದ ಕೂಡಲೇ ಗೊತ್ತಾಯಿತು. ಒಬ್ಬನೇ ಎಲ್ಲ ಬಿಚ್ಚಿ, ಬಿಲ್ಲೆಗಳನ್ನು ಬೆಂಚಿನ ಮೇಲಿದ್ದ ನನ್ನ ನೋಟ್‌ಬುಕ್ಕಿನ ಪ್ರಕಾರ ಜೋಡಿಸಿ, ಮತ್ತೆ ಕಟ್ಟಿದ.

ಆ ಇಂಜಿನ್ ಕೆಟ್ಟಿದ್ದರೆ ಗಾಜಿನ ಕೋಣೆ ನಿನ್ನದಾಗುತ್ತಿತ್ತಲ್ಲ ಎಂದು ಕೇಳಿದೆ. ಆಗ ಅವನು ತಲೆ ಎತ್ತಿದ.

"ಬೀಗಕ್ಕೆ ಕೀ ಹಾಕಿ ಸ್ವಲ್ಪ ಹೊತ್ತು ನಿಂತಿದ್ದೆ ನಂಜುಂಡಣ್ಣ. ಬಿಟ್ಟು ಹೋಗುವಾ ಅಂತ ಕಂಡಿತು, ಸುಳ್ಳು ಯಾಕೆ ಹೇಳ್ಬೇಕು? ಆದ್ರೆ ನಿಮ್ಮನ್ನು ಮನೆಗೆ ಕಳಿಸಿದ್ರೆ ನನ್ನ ಇಂಜಿನ್ ಯಾರು ನೋಡುದು? ರಫೀಕ್ ನೋಡುದಾ? ಬೇರೆಯವರು ಸರಿ ಉಂಟು ಅಂತ ಹೇಳ್ಲಿಕ್ಕೆ ನೋಡ್ತಾರೆ. ನೀವು ತಪ್ಪು ಸಿಗ್ಲಿ ಅಂತ ನೋಡ್ತೀರಿ. ನೀವು ಚುಕ್ಕೆ ಇಟ್ಟ ಇಂಜಿನ್ ಹೊರಗೆ ಹೋದ್ಮೇಲೆ ನಾನು ಒಂದು ದಿನ ಸಹ ಹೆದರಿದ್ದಿಲ್ಲ."

ನನ್ನ ಹೊಟ್ಟೆಕಿಚ್ಚನ್ನು ಅವನು ಇಷ್ಟು ವರ್ಷ ಟೂಲ್ ಥರ ಬಳಸಿಕೊಂಡಿದ್ದ. ನನಗೇ ಅದು ಗೊತ್ತಿರಲಿಲ್ಲ. ಆ ಜಾಣತನಕ್ಕೂ ನನಗೆ ಹೊಟ್ಟೆ ಉರಿಯಿತು. ಥ್ಯಾಂಕ್ಸ್ ಹೇಳದೆ ವಾಪಸ್ ಬಂದೆ.

ಹುಡುಗರೇ, ಈ ಕಥೆಯಿಂದ ಕಲಿಯಬೇಕಾದದ್ದು ಇಷ್ಟೇ. ಟ್ರೇಗೆ ಚೀಟಿ ಅಂಟಿಸಿ. ಬಿಲ್ಲೆ ಹಾಕಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಯಾರು ಎಷ್ಟು ಬೇಗ ಮುಗಿಸಿದರೂ ಸರಿ. ನಿಮ್ಮ ಕೆಲಸ ನೋಡಲು ನಿಮ್ಮನ್ನು ಕಂಡರೆ ಆಗದವನನ್ನೇ ಕರೆಯಿರಿ. ಆಮೇಲೆ ನಾನು ನನ್ನ ಇಂಜಿನ್ನುಗಳಿಗೆ ಅವನನ್ನೇ ಕರೆದೆ. ಅವನು ಮೂರರಲ್ಲಿ ತಪ್ಪು ತೋರಿಸಿದ, ಮೂರೂ ಸಣ್ಣವು, ಮೂರೂ ಸಲ ನನಗೆ ಅವನ ಕುತ್ತಿಗೆ ಹಿಚುಕಬೇಕು ಅನ್ನಿಸಿತು.

ಕೋಣೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ನಬೀಲನಿಗೆ ಹೇಳಬೇಕು ಎಂದು ಎಷ್ಟೋ ಸಲ ಅವನ ಬಾಗಿಲವರೆಗೆ ಹೋಗಿ, ಗ್ಲೌಸ್ ಕೇಳಿಕೊಂಡು ಬಂದಿದ್ದೇನೆ. ವೀಸಾ ಮುಗಿಯುವ ತನಕ ಏಸಿಯಲ್ಲೇ ಕೆಲಸ ಮಾಡಿದೆ. ಫೆಲಿಕ್ಸ್ ಯಾರ ಹತ್ತಿರವೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ.

ನನ್ನ ಬೀಳ್ಕೊಡುಗೆ ಗ್ಯಾರೇಜಿನಲ್ಲೇ ನಡೆಯಿತು. ಸಸ್ಯಾಹಾರಿ ಬಿರಿಯಾನಿ ತರಿಸಿದ್ದರು. ಸುಶೀಲಳೂ ಮಗಳೂ ಬಂದಿದ್ದರು. ಸಾಲಿಂ ಅಬುಧಾಬಿಯಿಂದ ದೊಡ್ಡ ಹೂಗುಚ್ಛ ತಂದು ನನ್ನ ಎರಡೂ ಕೈಗಳಿಗೆ ಇಟ್ಟ. ಆಮೇಲೆ ಆ ಇಂಜಿನ್ನಿನ ಬಗ್ಗೆ ಮಾತಾಡಿದ. ತಾನು ಎಷ್ಟೋ ಮೆಕ್ಯಾನಿಕ್‌ಗಳನ್ನು ನೋಡಿದ್ದೇನೆ, ಅಂಥ ಕೈ ಮತ್ತೆಲ್ಲೂ ನೋಡಿಲ್ಲ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಫೆಲಿಕ್ಸ್ ಹಿಂದಿನ ಸಾಲಿನಲ್ಲಿ ನಿಂತು ತಟ್ಟುತ್ತಿದ್ದ, ಒಂದಿಷ್ಟೂ ಕೊಂಕಿಲ್ಲದೆ ತಟ್ಟುತ್ತಿದ್ದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಹಿಂದಿಯಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಹೇಳಿದೆ. ಆ ಇಂಜಿನ್ ನನ್ನದಲ್ಲ. ನಾನು ಬಿಲ್ಲೆಗಳ ಸಾಲನ್ನೇ ಉಲ್ಟಾ ಹಾಕಿದ್ದೆ. ಫೆಲಿಕ್ಸ್ ಹಬ್ಬದ ದಿನ ಬಂದು ಬಿಚ್ಚಿ ಸರಿ ಮಾಡಿದ. ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. ಕೆಲಸ ಬಿಟ್ಟು ಹೋಗುವ ದಿನ ಹೇಳಿದ್ದರಿಂದ ನನಗೇನೂ ನಷ್ಟವಿರಲಿಲ್ಲ, ಅದೂ ನಿಜ. ಈಗ ಎಲ್ಲರೂ ನನ್ನನ್ನು ದೊಡ್ಡ ಮನುಷ್ಯ ಅನ್ನುತ್ತಾರೆ ಎಂದು ಒಳಗೊಳಗೇ ಎಣಿಸಿದ್ದೆ.

ಸಾಲಿಂ ನನ್ನನ್ನು ದಾಟಿಕೊಂಡು ಹಿಂದಿನ ಸಾಲಿಗೆ ಹೋಗಿ ಫೆಲಿಕ್ಸ್‌ನನ್ನು ಅಪ್ಪಿಕೊಂಡ. ನಬೀಲ್ ಅವನ ಕೈ ಹಿಡಿದು ಮುಂದಕ್ಕೆ ಎಳೆದು ತಂದ. ಗ್ಯಾರೇಜಿನ ತಗಡು ಅದುರುವ ಹಾಗೆ ಚಪ್ಪಾಳೆ ಬಿತ್ತು, ನನಗೆ ಬಿದ್ದದ್ದಕ್ಕಿಂತ ಜೋರಾಗಿಯೇ ಬಿತ್ತು. ಸುಶೀಲ ಕೂಡ ಎದ್ದು ನಿಂತು ತಟ್ಟುತ್ತಿದ್ದಳು. ಅದು ನನ್ನ ಬೀಳ್ಕೊಡುಗೆ, ನಿಜ ಹೇಳಿದವನು ನಾನು, ಆದರೂ ಎಲ್ಲರ ಕಣ್ಣು ಅವನ ಮೇಲೆ. ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಎರಡೂ ಕೈಯಲ್ಲಿ ಹೂಗುಚ್ಛ ಇದ್ದುದರಿಂದ ನನಗೆ ಚಪ್ಪಾಳೆ ತಟ್ಟಲು ಆಗಲಿಲ್ಲ. ಪಕ್ಕದಲ್ಲೇ ಮೇಜಿತ್ತು, ಇಡಬಹುದಿತ್ತು. ಇಡಲಿಲ್ಲ.